ನಿಂತು ದುಡಿಯುವವರ ಪಾದಗಳು: ಎಲ್ಲಿಯವರೆಗೆ ಕಾಯಬಹುದು, ಎಲ್ಲಿ ಕಾಯಬಾರದು

ಉಡುಪಿಯ ರಥಬೀದಿಯ ಆಸುಪಾಸಿನಲ್ಲಾಗಲಿ, ಕಾರ್ಕಳದ ಪೇಟೆಯಲ್ಲಾಗಲಿ, ಕಾಪುವಿನ ಹೆದ್ದಾರಿ ಬದಿಯಲ್ಲಾಗಲಿ ಬೆಳಿಗ್ಗೆ ಅಂಗಡಿ ತೆರೆಯುವ ಕ್ರಮವನ್ನು ಗಮನಿಸಿದವರಿಗೆ ಒಂದು ಸಂಗತಿ ತಿಳಿದೇ ಇರುತ್ತದೆ. ಮಾಲೀಕರು ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಕಳಚಿಟ್ಟು, ಹೊಸ್ತಿಲು ಮುಟ್ಟಿ ನಮಸ್ಕರಿಸಿ, ದೇವರ ಪಟಕ್ಕೆ ಊದುಬತ್ತಿ ಬೆಳಗಿ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತರೆಂದರೆ ರಾತ್ರಿ ಬಾಗಿಲೆಳೆಯುವವರೆಗೂ ಬರಿಗಾಲು. ಲಕ್ಷ್ಮಿಯ ಸ್ಥಾನದಲ್ಲಿ ಪಾದರಕ್ಷೆ ಸಲ್ಲದೆಂಬುದು ತಲೆತಲಾಂತರದಿಂದ ಬಂದ ಭಾವನೆ. ಅದನ್ನು ಹಳಿಯಬೇಕಾದ ಕಾರಣವೇನೂ ಇಲ್ಲ. ಆದರೆ ಅದೇ ನೆಲದ ಮೇಲೆ ದಿನವಿಡೀ ರಟ್ಟಿನ ಪೆಟ್ಟಿಗೆಗಳು ಒಡೆಯಲ್ಪಡುತ್ತವೆ. ಸ್ಟೇಪಲ್ ಪಿನ್ನು, ಕಟ್ಟುಪಟ್ಟಿಯ ಚೂರು, ಸಣ್ಣ ಮೊಳೆ ಉದುರಿರುತ್ತವೆ. ಸಂವೇದನೆಯುಳ್ಳ ಪಾದಕ್ಕೆ ಪಿನ್ನು ಚುಚ್ಚಿದರೆ ಮನುಷ್ಯ ‘ಅಯ್ಯೋ’ ಎಂದು ಕಾಲೆತ್ತುತ್ತಾನೆ. ಹತ್ತು ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆಯಿರುವ ವ್ಯಾಪಾರಿಯು ಅದೇ ಪಿನ್ನನ್ನು ಅಂಗಾಲಿನಲ್ಲಿಟ್ಟುಕೊಂಡೇ ಸಂಜೆಯವರೆಗೂ ಓಡಾಡಬಲ್ಲ. ಮೂರನೆಯ ದಿನ ಮನೆಯವರು ನೆಲದ ಮೇಲೆ ಕೀವಿನ ಕಲೆ ಕಂಡಾಗಲೇ ಅವನಿಗೆ ವಿಷಯ ಗೊತ್ತಾಗುವುದು.

ಪಾದದ ತೊಂದರೆಗಳ ಕುರಿತು ಬರೆಯುವಾಗ ಎದುರಾಗುವ ಮುಖ್ಯ ತೊಡಕು ಇದೇ. ಅತಿ ಹೆಚ್ಚು ನೋಯುವ ಕಾಯಿಲೆಗಳಲ್ಲಿ ಹಲವು ಅಪಾಯಕಾರಿಯಲ್ಲ. ಅತ್ಯಂತ ಅಪಾಯಕಾರಿಯಾದುದು ಹಲವು ವೇಳೆ ನೋಯುವುದೇ ಇಲ್ಲ. ಆದುದರಿಂದ ನೋವನ್ನೇ ಅಳತೆಗೋಲಾಗಿ ಹಿಡಿದು ವೈದ್ಯರಲ್ಲಿಗೆ ಹೋಗುವ ದಿನವನ್ನು ಗೊತ್ತುಪಡಿಸುವವರು ಲೆಕ್ಕ ತಪ್ಪುತ್ತಾರೆ.

ಹಿಮ್ಮಡಿಯ ಬೆಳಗಿನ ನೋವು

ಬಟ್ಟೆ ಅಂಗಡಿಯ ಮಾರಾಟ ಸಹಾಯಕರು, ಹೋಟೆಲಿನ ಸಪ್ಲೈಯರುಗಳು, ಅಡುಗೆ ಭಟ್ಟರು, ಕ್ಷೌರಿಕರು, ಲೇತ್ ಯಂತ್ರದ ಮುಂದೆ ನಿಲ್ಲುವ ಕಾರ್ಮಿಕರು, ಶಾಲಾ ಶಿಕ್ಷಕರು — ಇವರೆಲ್ಲರಲ್ಲೂ ಸಮಾನವಾಗಿ ಕಂಡುಬರುವ ದೂರೊಂದಿದೆ. ಬೆಳಿಗ್ಗೆ ಹಾಸಿಗೆಯಿಂದೆದ್ದು ಇಡುವ ಮೊದಲ ಹೆಜ್ಜೆಗೆ ಹಿಮ್ಮಡಿಯಲ್ಲಿ ಮೊಳೆ ಹೊಡೆದಂಥ ನೋವು. ಹತ್ತಾರು ಹೆಜ್ಜೆ ನಡೆದರೆ ಕಡಿಮೆಯಾಗುತ್ತದೆ. ಮಧ್ಯಾಹ್ನ ಊಟಕ್ಕೆ ಕುಳಿತು ಎದ್ದರೆ ಮತ್ತೆ ಬರುತ್ತದೆ. ಹಿಮ್ಮಡಿಯ ಎಲುಬಿನಿಂದ ಕಾಲ್ಬೆರಳುಗಳ ಬುಡದವರೆಗೆ ಬಿಲ್ಲಿನ ಹೆದೆಯಂತೆ ಬಿಗಿದಿರುವ ದಪ್ಪ ಪೊರೆಯು ಪದೇ ಪದೇ ಜಗ್ಗಿ, ಎಲುಬಿಗೆ ಅಂಟಿಕೊಂಡಿರುವ ಸ್ಥಳದಲ್ಲಿ ಸವೆದು ಕೆರಳುವುದೇ ಇದಕ್ಕೆ ಕಾರಣ. ವೈದ್ಯರು ಇದನ್ನು ಪ್ಲಾಂಟರ್ ಫ್ಯಾಸೈಟಿಸ್ ಎನ್ನುತ್ತಾರೆ. ರಾತ್ರಿ ಪಾದವು ಸಡಿಲವಾಗಿ ಕೆಳಕ್ಕೆ ಬಾಗಿರುವಾಗ ಪೊರೆ ಕುಗ್ಗಿರುತ್ತದೆ. ಮೊದಲ ಹೆಜ್ಜೆಯಲ್ಲಿ ಒಮ್ಮೆಲೇ ಹಿಗ್ಗಬೇಕಾಗುವುದರಿಂದ ಆ ನೋವು.

ಮೈತೂಕ, ತೆಳು ಚಪ್ಪಲಿ, ಬಿಗಿದ ಮೀನಖಂಡ, ಗಟ್ಟಿ ನೆಲದ ಮೇಲೆ ದೀರ್ಘಕಾಲ ನಿಲ್ಲುವುದು ಇವು ಕಾರಣಗಳು. ಈಚಿನ ಅಂಗಡಿಗಳ ಹೊಳೆಯುವ ವಿಟ್ರಿಫೈಡ್ ಹಾಸುಗಳೂ ಗ್ರಾನೈಟ್ ನೆಲಗಳೂ ಗಿರಾಕಿಯ ಕಣ್ಣಿಗೆ ಎಷ್ಟು ಹಿತವೋ ಸಿಬ್ಬಂದಿಯ ಹಿಮ್ಮಡಿಗೆ ಅಷ್ಟೇ ಅಹಿತ. ಹತ್ತು ತಾಸು ನಿಲ್ಲುವ ಜಾಗದಲ್ಲಿ ಒಂದು ರಬ್ಬರ್ ಚಾಪೆ ಹಾಸುವ ಖರ್ಚು ಅಂಗಡಿಯ ಅಲಂಕಾರದ ವೆಚ್ಚಕ್ಕೆ ಹೋಲಿಸಿದರೆ ಏನೇನೂ ಅಲ್ಲ.

ಎಕ್ಸರೇ ತೆಗೆಸಿದಾಗ ಹಿಮ್ಮಡಿಯಲ್ಲಿ ಮುಳ್ಳಿನಂತೆ ಎಲುಬು ಬೆಳೆದಿರುವುದು ಕಂಡು ಗಾಬರಿಯಾಗುವವರಿದ್ದಾರೆ. ನೋವೇ ಇಲ್ಲದ ಅನೇಕರ ಹಿಮ್ಮಡಿಯಲ್ಲೂ ಇಂಥ ಮುಳ್ಳು ಇರುತ್ತದೆ. ಅದನ್ನು ಕತ್ತರಿಸಿ ತೆಗೆಯಬೇಕಾದ ಪ್ರಸಂಗ ಅಪರೂಪ. ಏಳುವ ಮುನ್ನ ಹಾಸಿಗೆಯಲ್ಲೇ ಪಾದವನ್ನು ಟವೆಲಿನಿಂದ ತನ್ನತ್ತ ಎಳೆದು ಹಿಗ್ಗಿಸುವುದು, ಗೋಡೆಗೆ ಕೈಕೊಟ್ಟು ಮೀನಖಂಡವನ್ನು ಹಿಗ್ಗಿಸುವುದು, ನೀರು ಹೆಪ್ಪುಗಟ್ಟಿಸಿದ ಬಾಟಲಿಯನ್ನು ಅಂಗಾಲಿನಡಿ ಉರುಳಿಸುವುದು, ಮನೆಯೊಳಗೂ ಮೆತ್ತನೆಯ ಹಿಮ್ಮಡಿಯುಳ್ಳ ಪಾದರಕ್ಷೆ ತೊಡುವುದು — ಇಷ್ಟರಿಂದಲೇ ಬಹುಮಂದಿಗೆ ಒಂದು ವರ್ಷದೊಳಗೆ ಗುಣವಾಗುತ್ತದೆ. ‘ಒಂದು ವರ್ಷವೇ’ ಎಂದು ಹುಬ್ಬೇರಿಸುವವರು ಚುಚ್ಚುಮದ್ದಿಗೆ ಮುಂದಾಗುತ್ತಾರೆ. ಸ್ಟಿರಾಯ್ಡ್ ಚುಚ್ಚುಮದ್ದಿಗೂ ಸ್ಥಾನವಿದೆ. ಆದರೆ ಅದನ್ನು ಪದೇ ಪದೇ ಹಾಕಿಸಿಕೊಂಡರೆ ಪೊರೆ ಹರಿಯುವ, ಹಿಮ್ಮಡಿಯ ಕೊಬ್ಬಿನ ಮೆತ್ತೆ ಕರಗುವ ಅಪಾಯವುಂಟು. ಎರಡು ಮೂರು ವಾರಗಳ ಆರೈಕೆಯಿಂದ ಏನೂ ಸುಧಾರಿಸದಿದ್ದರೆ, ಮಲಗಿದಾಗಲೂ ನೋವಿದ್ದರೆ, ಊದಿಕೊಂಡಿದ್ದರೆ, ಜೋಮು ಹಿಡಿದಿದ್ದರೆ ಅಥವಾ ಬಿದ್ದ ಬಳಿಕ ನೋವು ಆರಂಭವಾಗಿದ್ದರೆ ಮೂಳೆ ತಜ್ಞರನ್ನು ಕಾಣಬೇಕು.

ಕುಳಿತುಕೊಳ್ಳುವ ಹಕ್ಕು

ನಿಲ್ಲುವುದರ ಇನ್ನೊಂದು ಫಲ ಉಬ್ಬಿದ ರಕ್ತನಾಳಗಳು. ಪಾದದಿಂದ ರಕ್ತವನ್ನು ಮೇಲಕ್ಕೆ ದೂಡುವ ಕೆಲಸವನ್ನು ಹೃದಯಕ್ಕಿಂತ ಹೆಚ್ಚಾಗಿ ಮೀನಖಂಡದ ಸ್ನಾಯುಗಳೇ ಮಾಡುತ್ತವೆ. ನಡೆಯುವವನಲ್ಲಿ ಈ ಪಂಪು ನಡೆಯುತ್ತದೆ. ಅಲುಗಾಡದೆ ನಿಂತವನಲ್ಲಿ ನಿಲ್ಲುತ್ತದೆ. ರಕ್ತನಾಳದೊಳಗಿನ ಕವಾಟಗಳು ಕ್ರಮೇಣ ಸೋತು, ಸಂಜೆಗೆ ಕಾಲು ಭಾರವಾಗಿ, ಹರಡಿನ ಸುತ್ತ ಊತ ಬಂದು, ಮುಂದೆ ಚರ್ಮ ಕಪ್ಪಾಗಿ ತುರಿಸತೊಡಗುತ್ತದೆ. ಒಳಹರಡಿನ ಮೇಲ್ಭಾಗದಲ್ಲಿ ಹುಣ್ಣಾದರೆ ಅದು ತಿಂಗಳುಗಟ್ಟಲೆ ಮಾಯುವುದಿಲ್ಲ. ಚರ್ಮದ ಬಣ್ಣ ಬದಲಾದಾಗಲೇ ಶಸ್ತ್ರವೈದ್ಯರಿಗೆ ತೋರಿಸುವುದು ಲೇಸು. ಬಿಗಿಯಾದ ವೈದ್ಯಕೀಯ ಕಾಲುಚೀಲಗಳು ಬಹಳ ಉಪಕಾರಿ. ಆದರೆ ಪಾದಕ್ಕೆ ಹೋಗುವ ಧಮನಿಗಳು ಸರಿಯಾಗಿವೆಯೇ ಎಂದು ಪರೀಕ್ಷಿಸದೆ ಅವನ್ನು ತೊಡತಕ್ಕದ್ದಲ್ಲ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ಮೀನಖಂಡ ನೋಯತೊಡಗಿದರೆ ಅದು ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಲಕ್ಷಣವಿರಬಹುದು. ಜೊತೆಗೆ ಉಸಿರು ಕಟ್ಟಿದರೆ ಅಂಗಡಿಯನ್ನು ಹಾಗೆಯೇ ಬಿಟ್ಟು ಆಸ್ಪತ್ರೆಗೆ ಧಾವಿಸಬೇಕು.

ನೌಕರರನ್ನಿಟ್ಟುಕೊಂಡವರು ತಿಳಿದಿರಬೇಕಾದ ಕಾನೂನಿನ ಮಾತೂ ಇಲ್ಲಿ ಪ್ರಸ್ತುತ. ನಿಂತೇ ಕೆಲಸ ಮಾಡಬೇಕಾದ ಕಾರ್ಮಿಕರಿಗೆ ಕುಳಿತುಕೊಳ್ಳುವ ಸೌಕರ್ಯ ಒದಗಿಸಬೇಕೆಂದು 1948ರ ಕಾರ್ಖಾನೆ ಕಾಯಿದೆಯ 44ನೇ ಕಲಮು ವಿಧಿಸಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯೂ ಆ ಹೊಣೆಯನ್ನು ಮುಂದುವರಿಸಿದೆ. ಅಂಗಡಿಗಳ ವಿಷಯದಲ್ಲಿ ನೆರೆಯ ಕೇರಳ ಮೊದಲ ಹೆಜ್ಜೆಯಿಟ್ಟಿತು. ಅಲ್ಲಿನ ಜವಳಿ ಮಳಿಗೆಗಳಲ್ಲಿ ದಿನವಿಡೀ ಕುಳಿತುಕೊಳ್ಳಲು ಬಿಡದಿದ್ದುದನ್ನು ಪ್ರತಿಭಟಿಸಿ ಮಹಿಳಾ ನೌಕರರು ನಡೆಸಿದ ಹೋರಾಟದ ಫಲವಾಗಿ 2018ರಲ್ಲಿ ಅಂಗಡಿ ಕಾಯಿದೆಗೆ ತಿದ್ದುಪಡಿಯಾಗಿ ‘ಕುಳಿತುಕೊಳ್ಳುವ ಹಕ್ಕು’ ದೊರೆಯಿತು. ತಮಿಳುನಾಡು 2021ರಲ್ಲಿ ಅದೇ ದಾರಿ ಹಿಡಿಯಿತು. ಗಿರಾಕಿ ಬಂದಾಗ ಸಿಬ್ಬಂದಿ ಕುಳಿತಿದ್ದರೆ ಅಗೌರವವೆಂದು ಭಾವಿಸುವ ಮಾಲೀಕರು ಇನ್ನೂ ಇದ್ದಾರೆ. ಗಿರಾಕಿ ಇಲ್ಲದಾಗಲಾದರೂ ಸ್ಟೂಲು ಬಳಸಲು ಬಿಟ್ಟರೆ ವ್ಯಾಪಾರಕ್ಕೆ ಏನು ನಷ್ಟವೆಂಬುದು ಯಾರಿಗೂ ಹೇಳಲಾಗದ ಮಾತು.

ಕುಳಿತು ಮಾಡುವ ಕೆಲಸವೂ ಪಾದಕ್ಕೆ ಸುಖವೇ ಎಂದಲ್ಲ. ಕಾರ್ಕಳ ಪರಿಸರದ ಗೇರುಬೀಜ ಕಾರ್ಖಾನೆಗಳಲ್ಲಿ ಪೆಡಲ್ ತುಳಿದು ಬೀಜ ಒಡೆಯುವ ಕಡೆ ಒಂದೇ ಪಾದದ ಮುಂಭಾಗ ದಿನವಿಡೀ ದುಡಿಯುತ್ತದೆ. ಸಿಪ್ಪೆಯ ಎಣ್ಣೆ ತಗಲಿದ ಚರ್ಮ ಸುಟ್ಟು ಸುಲಿಯುತ್ತದೆ. ಸರದಿಯ ಪ್ರಕಾರ ಕೆಲಸ ಬದಲಿಸುವುದೂ ಮುಂಭಾಗ ಮುಚ್ಚಿದ ಪಾದರಕ್ಷೆಯೂ ಇಲ್ಲಿನ ಔಷಧ. ಕಲ್ಲು ಕೋರೆ, ಮರದ ಮಿಲ್ಲು, ಫೌಂಡ್ರಿಗಳಲ್ಲಿ ಉಕ್ಕಿನ ಮೂತಿಯ ಬೂಟಿಗೆ ಪರ್ಯಾಯವೇ ಇಲ್ಲ.

ಆಣಿ, ಉಗುರು, ಬೆರಳ ಸಂದಿ

ಆಣಿ ಎಂಬುದು ಒತ್ತಡಕ್ಕೆ ಚರ್ಮ ಕೊಡುವ ಉತ್ತರ. ಒತ್ತುವ ಚಪ್ಪಲಿಯನ್ನು ಬದಲಿಸದೆ ಆಣಿಯನ್ನು ಮಾತ್ರ ಕೆತ್ತಿಸಿದರೆ ಅದು ಮತ್ತೆ ಬರುತ್ತದೆ. ಔಷಧದಂಗಡಿಯಲ್ಲಿ ಸಿಗುವ ಆಣಿ ಪಟ್ಟಿಗಳಲ್ಲಿರುವ ಸ್ಯಾಲಿಸಿಲಿಕ್ ಆಮ್ಲವು ಆಣಿಯನ್ನೂ ಪಕ್ಕದ ಚರ್ಮವನ್ನೂ ಸಮಾನವಾಗಿ ಸುಡುತ್ತದೆ. ಮಧುಮೇಹಿಗಳು ಅದನ್ನು ಮುಟ್ಟಲೇಬಾರದು. ಬ್ಲೇಡಿನಿಂದ ಮನೆಯಲ್ಲಿ ಕೆತ್ತುವುದೂ ಅಷ್ಟೇ ಅಪಾಯ. ಉಗುರನ್ನು ಮೂಲೆಗಳಲ್ಲಿ ಕೊರೆಯದೆ ನೇರವಾಗಿ ಕತ್ತರಿಸಿದರೆ ಹೆಬ್ಬೆರಳ ಮಾಂಸದೊಳಗೆ ಬೆಳೆಯುವ ಉಗುರಿನ ಕಾಟ ಬಹುಪಾಲು ತಪ್ಪುತ್ತದೆ. ಕೆಂಪಾಗಿ ಕೀವು ಕಂಡರೆ ಅರಸಿನ ಹಚ್ಚುತ್ತ ಕೂರದೆ ವೈದ್ಯರಿಗೆ ತೋರಿಸಬೇಕು.

ಬೆರಳ ಸಂದಿಯ ಶಿಲೀಂಧ್ರ ಸೋಂಕು, ಆಡುಮಾತಿನ ಕೆಸರು ಹುಣ್ಣು, ಈ ಕರಾವಳಿಯ ಮಳೆಗಾಲದ ಅನಿವಾರ್ಯ ಅತಿಥಿ. ಹೋಟೆಲಿನ ಪಾತ್ರೆ ತೊಳೆಯುವ ಕಟ್ಟೆಯ ಬಳಿ, ಮಲ್ಪೆ ಬಂದರಿನ ಮಂಜುಗಡ್ಡೆಯ ನೀರಿನಲ್ಲಿ, ಗಮ್‌ಬೂಟಿನೊಳಗೆ ಬೆವರುವ ಕಾಲುಗಳಲ್ಲಿ ವರ್ಷವಿಡೀ ಇರುತ್ತದೆ. ಸಾಮಾನ್ಯವಾಗಿ ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವೆ ಚರ್ಮ ಬಿಳಿಚಿ ಬಿರಿಯುತ್ತದೆ. ಒಣಗಿಸುವುದೇ ಅರ್ಧ ಚಿಕಿತ್ಸೆ. ಓದುಗರಲ್ಲಿ ಔಷಧ ವ್ಯಾಪಾರಿಗಳೂ ಇರುವುದರಿಂದ ಒಂದು ಮಾತು ಹೇಳಲೇಬೇಕಾಗಿದೆ. ಸ್ಟಿರಾಯ್ಡ್ ಬೆರೆಸಿದ ‘ಮೂರು-ನಾಲ್ಕು ಔಷಧ ಒಂದರಲ್ಲಿ’ ಎಂಬಂಥ ಮುಲಾಮುಗಳು ಎರಡು ದಿನದಲ್ಲಿ ತುರಿಕೆ ನಿಲ್ಲಿಸಿ ಗಿರಾಕಿಯನ್ನು ಸಂತುಷ್ಟಗೊಳಿಸುತ್ತವೆ. ಶಿಲೀಂಧ್ರ ಮಾತ್ರ ಒಳಗೊಳಗೇ ಹರಡುತ್ತದೆ. ಭಾರತದಲ್ಲಿ ಔಷಧಕ್ಕೆ ಬಗ್ಗದ ಹುಳಕಡ್ಡಿ ಹೆಚ್ಚಲು ಇಂಥ ಮುಲಾಮುಗಳ ದುರ್ಬಳಕೆಯೇ ಒಂದು ಮುಖ್ಯ ಕಾರಣವೆಂದು ಚರ್ಮತಜ್ಞರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಬೆರಳ ಸಂದಿಯ ಈ ಬಿರುಕು ಕ್ಷುಲ್ಲಕವಾಗಿ ಕಂಡರೂ ದೊಡ್ಡ ಸೋಂಕುಗಳಿಗೆ ಅದೇ ಹೆಬ್ಬಾಗಿಲು.

ರಾತ್ರೋರಾತ್ರಿ ಹೆಬ್ಬೆರಳ ಬುಡ ಕೆಂಪಾಗಿ, ಹೊದಿಕೆ ತಗಲಿದರೂ ಪ್ರಾಣ ಹೋಗುವಂತೆ ನೋಯುವುದು ಗೌಟ್. ಯೂರಿಕ್ ಆಮ್ಲದ ಹರಳುಗಳು ಕೀಲಿನೊಳಗೆ ಸೇರುವುದರಿಂದ ಬರುತ್ತದೆ. ಮದ್ಯ, ಕೆಂಪು ಮಾಂಸ, ಬೂತಾಯಿಯಂಥ ಮೀನು ಇದನ್ನು ಕೆರಳಿಸಬಲ್ಲವು. ನಾಲ್ಕೈದು ದಿನಗಳಲ್ಲಿ ತಾನೇ ಇಳಿದರೂ ಮೂತ್ರಪಿಂಡದ ಪರೀಕ್ಷೆಯನ್ನೊಮ್ಮೆ ಮಾಡಿಸಿಕೊಳ್ಳದೆ ಬಿಡಬಾರದು.

ನೋವಿಲ್ಲದ ಪಾದ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೃಹತ್ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿರುವವರೂ ಇದ್ದಾರೆಂದು ತಿಳಿದುಬಂತು. ಮಧುಮೇಹಿಗಳಲ್ಲಿ ಶೇ. 19ರಿಂದ 34ರಷ್ಟು ಮಂದಿಗೆ ಜೀವಿತಾವಧಿಯಲ್ಲಿ ಒಮ್ಮೆಯಾದರೂ ಪಾದದ ಹುಣ್ಣಾಗುತ್ತದೆಂಬುದು ತಜ್ಞರ ಅಂದಾಜು. ಮಧುಮೇಹದಿಂದಾಗಿ ಕಾಲು ಕತ್ತರಿಸಬೇಕಾಗುವ ನೂರು ಪ್ರಕರಣಗಳಲ್ಲಿ ಸುಮಾರು 85ರಲ್ಲಿ ಆರಂಭವಾಗಿರುವುದು ಒಂದು ಸಣ್ಣ ಹುಣ್ಣಿನಿಂದ. ಅಂದರೆ ಬಹುಪಾಲು ಪ್ರಕರಣಗಳಲ್ಲಿ ಕಾಲು ಹೋಗುವ ಮೊದಲು ಎಚ್ಚರಿಕೆ ದೊರೆತಿರುತ್ತದೆ. ಆ ಎಚ್ಚರಿಕೆಯು ನೋವಿನ ಭಾಷೆಯಲ್ಲಿ ಇರುವುದಿಲ್ಲ ಅಷ್ಟೆ.

ಈ ತಿಳಿವಳಿಕೆಯ ಬೇರು ದಕ್ಷಿಣ ಭಾರತದಲ್ಲೇ ಇದೆ. ಕೊಲ್ಲಿಮಲೆಯಲ್ಲಿ 1914ರಲ್ಲಿ ಜನಿಸಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಬೆರಳು, ಪಾದಗಳು ರೋಗದಿಂದಲೇ ಕೊಳೆತು ಉದುರುತ್ತವೆಂಬ ನಂಬಿಕೆ ಆಗ ವ್ಯಾಪಕವಾಗಿತ್ತು. ಬ್ರ್ಯಾಂಡ್ ಮತ್ತು ಅವರ ಸಂಗಡಿಗರು ಕಂಡುಕೊಂಡದ್ದು ಬೇರೆ. ಸ್ಪರ್ಶಜ್ಞಾನ ಹೋದ ಪಾದದ ಮಾಂಸವು ಆರೋಗ್ಯವಂತನ ಮಾಂಸದಂತೆಯೇ ಮಾಯಬಲ್ಲದು. ಆದರೆ ನೋವು ತಿಳಿಯದ ಕಾರಣ ರೋಗಿಯು ಗಾಯದ ಮೇಲೆಯೇ ನಡೆಯುತ್ತ, ಅದೇ ಜಾಗವನ್ನು ಸಾವಿರಾರು ಬಾರಿ ಜಜ್ಜುತ್ತಾನೆ. ಆರೋಗ್ಯವಂತನು ಬಹುದೂರ ನಡೆದಾಗ ತನಗೆ ತಿಳಿಯದಂತೆಯೇ ಹೆಜ್ಜೆಯ ಭಾರವನ್ನು ಅತ್ತಿತ್ತ ಬದಲಿಸುತ್ತಾನೆ, ಸ್ವಲ್ಪ ಕುಂಟುತ್ತಾನೆ. ಆ ಕುಂಟುವಿಕೆಯೇ ಅವನ ರಕ್ಷಣೆ. ಪ್ಲಾಸ್ಟರ್ ಹಾಕಿ ಪಾದದ ಭಾರವನ್ನು ಹಂಚಿಬಿಟ್ಟಾಗ ವರ್ಷಗಟ್ಟಲೆ ಮಾಯದಿದ್ದ ಹುಣ್ಣುಗಳು ಮಾಯತೊಡಗಿದವು. ಒತ್ತಡವನ್ನು ಹೀರುವ ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿ ಅಲ್ಲಿನ ಕೆಲಸದಿಂದಲೇ ರೂಪುಗೊಂಡಿತು. 1966ರ ಬಳಿಕ ಅಮೆರಿಕದಲ್ಲಿ ಬ್ರ್ಯಾಂಡ್ ಇದೇ ಪಾಠವನ್ನು ಮಧುಮೇಹಿಗಳ ಪಾದಕ್ಕೆ ಅನ್ವಯಿಸಿದರು. ಇಂದಿಗೂ ಭಾರತದ ಆಸ್ಪತ್ರೆಗಳಲ್ಲಿ ಮಧುಮೇಹಿಗಳಿಗೆ ಹೇಳುವ ‘ಎಂಸಿಆರ್ ಚಪ್ಪಲಿ’ ಅದೇ. ಸಣ್ಣ ಉದ್ಯಮಿಗಳು ಗಮನಿಸಬಹುದಾದ ಉತ್ಪನ್ನವಿದು: ದೊಡ್ಡ ಯಂತ್ರ ಬೇಡ, ಆದರೆ ಪಾದದ ಅಳತೆ ತೆಗೆಯುವ ಕೈಚಳಕ ಬೇಕು, ಹಿಂಬದಿಗೆ ಪಟ್ಟಿ ಇರಬೇಕು, ಏಕೆಂದರೆ ಜೋಮು ಹಿಡಿದ ಪಾದದಿಂದ ಹವಾಯಿ ಚಪ್ಪಲಿ ಜಾರಿಹೋದದ್ದು ತೊಟ್ಟವರಿಗೆ ತಿಳಿಯುವುದಿಲ್ಲ.

ಪಾದದ ಸಂವೇದನೆಯನ್ನು ಆಸ್ಪತ್ರೆಯಲ್ಲಿ ನೈಲಾನ್ ಎಳೆಯೊಂದರಿಂದ ಪರೀಕ್ಷಿಸುತ್ತಾರೆ. 10 ಗ್ರಾಂ ಒತ್ತಡಕ್ಕೆ ಬಾಗುವ ಆ ಎಳೆ ತಗಲಿದ್ದು ತಿಳಿಯದಿದ್ದರೆ ಪಾದ ಅಪಾಯದ ವರ್ಗಕ್ಕೆ ಸೇರಿತೆಂದರ್ಥ. ಎಳೆ ಇಲ್ಲದೆಯೂ ಮನೆಯಲ್ಲಿ ಮಾಡಬಹುದಾದ ಪರೀಕ್ಷೆಯೊಂದು ಇಂಗ್ಲೆಂಡಿನ ಇಪ್ಸ್‌ವಿಚ್ ಪಟ್ಟಣದ ವೈದ್ಯರಿಂದ ಬಳಕೆಗೆ ಬಂದಿದೆ. ಮಲಗಿ ಕಣ್ಣುಮುಚ್ಚಿದವರ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಮನೆಯವರು ತಮ್ಮ ತೋರುಬೆರಳಿನಿಂದ ಒಂದೆರಡು ಕ್ಷಣ ಹಗುರವಾಗಿ ಮುಟ್ಟಬೇಕು, ಒತ್ತಬಾರದು, ಉಜ್ಜಬಾರದು. ಮುಟ್ಟಿದ್ದು ತಿಳಿದಾಗ ಅವರು ‘ಬಲ’, ‘ಎಡ’ ಎನ್ನಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ಸ್ಪರ್ಶಗಳು ತಿಳಿಯದಿದ್ದರೆ ಸಂವೇದನೆ ಕುಗ್ಗಿದೆಯೆಂದು ತಿಳಿದು ವೈದ್ಯರನ್ನು ಕಾಣಬೇಕು. ಎರಡು ನಿಮಿಷದ ಕೆಲಸ, ಖರ್ಚಿಲ್ಲ. ಹೊಸ ಸಂಹಿತೆಯು ನಿಯಮಗಳಲ್ಲಿ ಗೊತ್ತುಪಡಿಸುವ ವರ್ಗದ ನೌಕರರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಯನ್ನು ಹೇಳಿದೆ. ಆ ದಿನ ರಕ್ತದೊತ್ತಡ, ಸಕ್ಕರೆಗಳ ಜೊತೆಗೆ ಈ ಆರು ಬೆರಳುಗಳನ್ನೂ ಮುಟ್ಟಿಸಿದರೆ ತಪಾಸಣೆಗೆ ಅರ್ಥ ಬರುತ್ತದೆ.

ಸಂವೇದನೆ ಕುಗ್ಗಿದವರು ಲಕ್ಷ್ಮಿಯ ಸ್ಥಾನದ ಮರ್ಯಾದೆಯನ್ನೂ ಪಾದದ ರಕ್ಷಣೆಯನ್ನೂ ಒಟ್ಟಿಗೆ ಉಳಿಸಿಕೊಳ್ಳಬಹುದು. ಹೊರಗಿನ ಕೊಳೆ ಕಾಣದ ಇನ್ನೊಂದು ಜೊತೆಯನ್ನು ಅಂಗಡಿಯೊಳಗೆ ಮಾತ್ರ ಬಳಸಲು ಇಟ್ಟುಕೊಂಡರಾಯಿತು. ದೇವಾಲಯಗಳ ಹೊರಾಂಗಣದಲ್ಲಿ ಎಪ್ರಿಲ್ ತಿಂಗಳ ಮಧ್ಯಾಹ್ನ ಕಾದ ಕಲ್ಲಿನ ಮೇಲೆ ಪ್ರದಕ್ಷಿಣೆ ಬರುವುದು ಬೇರೆಯವರಿಗೆ ಬರಿಯ ಬಿಸಿ, ಇವರಿಗೆ ಬೊಕ್ಕೆ. ಬೆಳಗ್ಗಿನ ದರ್ಶನ ಅಥವಾ ದಪ್ಪ ಕಾಲುಚೀಲ ಇದಕ್ಕೆ ದಾರಿ. ರಾತ್ರಿ ಮಲಗುವ ಮುನ್ನ ಪಾದಗಳನ್ನು ನೋಡಿಕೊಳ್ಳುವ ಅಭ್ಯಾಸವಿರಬೇಕು. ಅಂಗಾಲು ಕಾಣದಿದ್ದರೆ ನೆಲದ ಮೇಲೆ ಕನ್ನಡಿಯಿಟ್ಟು ನೋಡಬೇಕು. ದಿನವೂ ಸ್ಕೂಟರಿನ ಚಕ್ರದ ಗಾಳಿ ಒತ್ತಿ ನೋಡುವವರಿಗೆ ಇದು ಕಷ್ಟವಾಗಲಾರದು.

ಇನ್ನೊಂದು ಮೋಸದ ಕಾಯಿಲೆಯಿದೆ. ಮಧುಮೇಹಿಯ ಒಂದು ಪಾದ ಕೆಂಪಾಗಿ, ಬಿಸಿಯಾಗಿ ಊದಿರುತ್ತದೆ. ನೋವು ಅಷ್ಟಿರುವುದಿಲ್ಲ, ಗಾಯವೂ ಇರುವುದಿಲ್ಲ. ಉಳುಕೆಂದು ತಿಳಿದು ತೈಲ ತಿಕ್ಕುತ್ತ ನಡೆದಾಡಿದರೆ ಒಳಗೆ ಸಣ್ಣ ಎಲುಬುಗಳು ಒಡೆದು ಪಾದದ ಕಮಾನೇ ಕುಸಿಯುತ್ತದೆ. ಶಾರ್ಕೊ ಪಾದವೆಂಬ ಈ ಸ್ಥಿತಿಯಲ್ಲಿ ಮೊದಲ ವಾರದಲ್ಲೇ ಪ್ಲಾಸ್ಟರ್ ಹಾಕಿ ಭಾರ ತಪ್ಪಿಸಿದರೆ ಪಾದ ಉಳಿಯುತ್ತದೆ.

ಬೀಡಿ, ಸಿಗರೇಟು ಸೇದುವವರಲ್ಲಿ ತೊಂದರೆ ನರದ್ದಲ್ಲ, ರಕ್ತದ್ದು. ಇಂತಿಷ್ಟು ದೂರ ನಡೆದೊಡನೆ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಟ್ಟು, ಮತ್ತೆ ಅಷ್ಟೇ ದೂರಕ್ಕೆ ಹಿಡಿಯುವುದು ಧಮನಿ ಕಿರಿದಾದ ಗುರುತು. ರಾತ್ರಿ ಪಾದ ನೋವಾಗಿ ಮಂಚದಿಂದ ಕೆಳಗೆ ಇಳಿಬಿಟ್ಟರೆ ಮಾತ್ರ ಹಾಯೆನಿಸುವುದು ಇನ್ನೂ ಮುಂದಿನ ಹಂತ. ಬೆರಳು ಕಪ್ಪಾಗುವ ಮೊದಲೇ ರಕ್ತನಾಳ ತಜ್ಞರು ನೋಡಿದರೆ ನಾಳವನ್ನು ಹಿಗ್ಗಿಸಿ ಅಥವಾ ಬೈಪಾಸ್ ಮಾಡಿ ಕಾಲನ್ನು ಉಳಿಸುವ ಅವಕಾಶವಿರುತ್ತದೆ.

ಮಣ್ಣು, ಮಳೆ, ಸಮುದ್ರ

ಉಡುಪಿ ಜಿಲ್ಲೆಯ ಪಾದಕ್ಕೆ ಬೇರೆಡೆಯಲ್ಲಿ ಅಷ್ಟಾಗಿ ಕಾಣದ ಅಪಾಯವೊಂದಿದೆ. ಮೆಲಿಯೊಯ್ಡೊಸಿಸ್ ಎಂಬ ಸೋಂಕಿನ ರೋಗಾಣು ಒದ್ದೆ ಮಣ್ಣಿನಲ್ಲಿ, ಗದ್ದೆಯ ನೀರಿನಲ್ಲಿ ವಾಸಿಸುತ್ತದೆ. ಪಾದದ ಬಿರುಕು ಅಥವಾ ಗಾಯದ ಮೂಲಕ ಅದು ದೇಹವನ್ನು ಸೇರಬಲ್ಲದು. ಮಳೆಗಾಲದಲ್ಲಿ ಹೆಚ್ಚು, ಬಾಧೆಗೊಳಗಾಗುವವರಲ್ಲಿ ಮಧುಮೇಹಿಗಳೇ ಅಧಿಕ. ಜ್ವರ, ಶ್ವಾಸಕೋಶದ ಸೋಂಕು, ಯಕೃತ್ತು ಅಥವಾ ಗುಲ್ಮದಲ್ಲಿ ಕೀವು, ಕೀಲಿನ ಊತ — ಹೀಗೆ ನಾನಾ ವೇಷಗಳಲ್ಲಿ ಕಾಣಿಸಿಕೊಳ್ಳುವುದರಿಂದ ಕ್ಷಯವೆಂದು ತಪ್ಪು ತಿಳಿಯುವ ಸಂಭವ ಬಹಳ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಸೂಕ್ಷ್ಮಾಣುಜೀವಿ ತಜ್ಞರು ಈ ರೋಗದ ಪತ್ತೆ ಮತ್ತು ಅಧ್ಯಯನದಲ್ಲಿ ದೇಶದಲ್ಲೇ ಮುಂಚೂಣಿಯಲ್ಲಿದ್ದಾರೆ. ಹತ್ತು ದಿನಗಳಿಗೂ ಮೀರಿ ರಕ್ತನಾಳದ ಮೂಲಕ ಔಷಧ, ಅನಂತರ ಮೂರು ತಿಂಗಳಾದರೂ ಮಾತ್ರೆ ಬೇಕಾಗುತ್ತದೆ. ಅರ್ಧಕ್ಕೆ ನಿಲ್ಲಿಸಿದರೆ ಮರುಕಳಿಸುತ್ತದೆ. ಅಂಗಡಿ ಮುಚ್ಚಿದ ಮೇಲೆ ಗದ್ದೆ, ತೋಟಕ್ಕಿಳಿಯುವ ವ್ಯಾಪಾರಿಗಳು ಕಾರ್ಕಳ, ಕಾಪು ಕಡೆ ಕಡಿಮೆಯೇನಿಲ್ಲ. ಅಂಥವರಲ್ಲಿ ಮಧುಮೇಹವಿದ್ದವರು ಗಮ್‌ಬೂಟಿಲ್ಲದೆ ಕೆಸರಿಗೆ ಇಳಿಯಬಾರದು. ಮಳೆಗಾಲದ ಜ್ವರ ಬಿಡದಿದ್ದರೆ ‘ಮಣ್ಣಿನ ಕೆಲಸ ಮಾಡಿದ್ದೇನೆ, ಸಕ್ಕರೆ ಕಾಯಿಲೆಯಿದೆ’ ಎಂಬ ಎರಡು ಮಾತುಗಳನ್ನು ವೈದ್ಯರಿಗೆ ತಾವಾಗಿಯೇ ಹೇಳಬೇಕು. ಇಲಿ ಜ್ವರದ ರೋಗಾಣುವೂ ಬಿರಿದ ಪಾದದ ಮೂಲಕವೇ ಒಳಬರುವುದು.

ಕಾಪುವಿನಿಂದ ಮಲ್ಪೆಯವರೆಗಿನ ಕಡಲತೀರದಲ್ಲಿ ಬಲೆಯೆಳೆಯುವವರಿಗೆ ತೊರಕೆ ಮೀನಿನ ಮುಳ್ಳು ಗೊತ್ತಿರುವ ವೈರಿ. ತಡೆಯಬಲ್ಲಷ್ಟು ಬಿಸಿ ನೀರಿನಲ್ಲಿ ಪಾದವನ್ನು ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಇರಿಸಿದರೆ ವಿಷದ ನೋವು ಇಳಿಯುತ್ತದೆ. ಬಿಸಿಯನ್ನು ಜೋಮು ಹಿಡಿದ ಪಾದದಿಂದಲ್ಲ, ಬೇರೆಯವರ ಕೈಯಿಂದ ಪರೀಕ್ಷಿಸಬೇಕು. ಮುಳ್ಳಿನ ಚೂರು ಒಳಗುಳಿದಿದೆಯೇ ಎಂದು ಆಸ್ಪತ್ರೆಯಲ್ಲಿ ನೋಡಿಸಿ ಧನುರ್ವಾಯು ಚುಚ್ಚುಮದ್ದು ಪಡೆಯಬೇಕು. ಉಪ್ಪು ನೀರಿನ ಕೆಲವು ರೋಗಾಣುಗಳು ಮಧುಮೇಹಿಗಳಲ್ಲೂ ಯಕೃತ್ತಿನ ಕಾಯಿಲೆಯುಳ್ಳವರಲ್ಲೂ ಒಂದೇ ದಿನದಲ್ಲಿ ಕಾಲನ್ನು ಕೆಡಿಸಬಲ್ಲವು. ಸಮುದ್ರದಲ್ಲಾದ ಗಾಯದ ಸುತ್ತ ಕೆಂಪು ಹರಡತೊಡಗಿದರೆ ಬೆಳಗಾಗಲಿ ಎಂದು ಕಾಯುವುದು ಸಲ್ಲ.

ಕರಾವಳಿಯ ಹಿರಿಯರು ಕಂಡಿರುವ ಆನೆಕಾಲು ರೋಗದ ಹೊಸ ಸೋಂಕು ಸಾಮೂಹಿಕ ಮಾತ್ರೆ ವಿತರಣೆಯ ಅನಂತರ ಬಹಳ ಇಳಿದಿದೆ. ಆದರೆ ಹಿಂದೆ ಊದಿದ ಕಾಲುಗಳು ಹಾಗೆಯೇ ಉಳಿದಿವೆ. ‘ಇದಕ್ಕೆ ಮದ್ದಿಲ್ಲ’ ಎಂದು ಮನೆಯ ಮೂಲೆಯಲ್ಲಿ ಕುಳಿತವರಿಗೆ ಕಾಸರಗೋಡಿನ ಅನ್ವಯಿಕ ಚರ್ಮಶಾಸ್ತ್ರ ಸಂಸ್ಥೆಯ ಕೆಲಸ ತಿಳಿದಿರಬೇಕು. 1999ರಲ್ಲಿ ಆರಂಭವಾದ ಈ ಸಂಸ್ಥೆಯು ಆಧುನಿಕ ವೈದ್ಯ, ಆಯುರ್ವೇದ, ಯೋಗಗಳನ್ನು ಸೇರಿಸಿ ಊತವಿಳಿಸುವ ಚಿಕಿತ್ಸಾಕ್ರಮವನ್ನು ರೂಪಿಸಿದೆ. ಸೋಪಿನಿಂದ ತೊಳೆದು ಮಡಿಕೆ ಮಡಿಕೆಯನ್ನೂ ಒಣಗಿಸುವುದು, ಕಷಾಯದಲ್ಲಿ ನೆನೆಸುವುದು, ಪಟ್ಟಿ ಬಿಗಿಯುವುದು ಇದರ ಭಾಗಗಳು. ರೋಗಿಯ ಮನೆಯವರೇ ಕಲಿತು ಮುಂದುವರಿಸುವಂಥವು.

ಎಲ್ಲಿಗೆ, ಎಷ್ಟು ಬೇಗ

ಮಧುಮೇಹಿಯ ಪಾದದಲ್ಲಿ ಯಾವುದೇ ಹುಣ್ಣು, ಬೊಕ್ಕೆ ಕಂಡರೆ ಅದೇ ದಿನ ಅಥವಾ ಮರುದಿನ. ಬೆರಳು ನೀಲಿ ಅಥವಾ ಕಪ್ಪು, ದುರ್ವಾಸನೆ, ಕೆಂಪು ಮೇಲಕ್ಕೇರುವುದು, ಚಳಿಜ್ವರ, ಪಾದ ತಣ್ಣಗಾಗಿ ಬಿಳಿಚುವುದು — ಇವು ಗಂಟೆಗಳ ಲೆಕ್ಕದ ವಿಷಯ. ಚರ್ಮದ ಮೇಲೆ ಸ್ಪರ್ಶ ತಿಳಿಯದ ಮಚ್ಚೆಯಿದ್ದರೆ ಕುಷ್ಠದ ಪರೀಕ್ಷೆ. ಅದರ ಔಷಧ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ, ಪೂರ್ತಿ ಗುಣವೂ ಉಂಟು. ಆಣಿ, ಹಿಮ್ಮಡಿ ಬಿರುಕು, ಬೆಳಗಿನ ಹಿಮ್ಮಡಿ ನೋವು ಆರೋಗ್ಯವಂತರಲ್ಲಿ ಎರಡು ಮೂರು ವಾರ ಮನೆಯ ಆರೈಕೆಗೆ ಬಿಡಬಹುದಾದವು.

ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಕಾರ್ಕಳದ ಡಾ. ಟಿ.ಎಂ.ಎ. ಪೈ ರೋಟರಿ ಆಸ್ಪತ್ರೆ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಗಳು ಯಾವ ಮೂಲೆಯಿಂದಲೂ ಗಂಟೆಯೊಂದರ ದಾರಿ. ಮಣಿಪಾಲದ ಆರೋಗ್ಯ ವೃತ್ತಿಗಳ ಕಾಲೇಜಿನಲ್ಲಿ ಮಧುಮೇಹ ಪಾದದ ಆರೈಕೆ ಮತ್ತು ಸಂಶೋಧನೆಗೆಂದೇ ಕೇಂದ್ರವಿದ್ದು, ಪಾದದ ಒತ್ತಡ ಅಳೆದು ಅದಕ್ಕೆ ತಕ್ಕ ಪಾದರಕ್ಷೆಯನ್ನು ಸೂಚಿಸುವ ಕೆಲಸ ಅಲ್ಲಿ ನಡೆಯುತ್ತದೆ. ಕಾರ್ಮಿಕರ ರಾಜ್ಯ ವಿಮೆಗೆ ಒಳಪಟ್ಟ ನೌಕರನಿಗೆ ಪ್ರಮಾಣಿತ ಕಾಯಿಲೆಯ ಅವಧಿಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ. 70ರಷ್ಟು ಭತ್ಯೆ ದೊರೆಯುತ್ತದೆ. ಹುಣ್ಣು ಮಾಯಲು ಕಾಲೂರದೆ ಕುಳಿತಿರಬೇಕಾದವನಿಗೆ ಇದೇ ದೊಡ್ಡ ಔಷಧ. ಸ್ವಂತ ಅಂಗಡಿಯ ಮಾಲೀಕನಿಗೆ ಅಂಥ ಭತ್ಯೆಯಿಲ್ಲ. ಆರು ವಾರ ಗಲ್ಲಾದ ಮೇಲೆ ಬೇರೆಯವರನ್ನು ಕೂರಿಸಲು ಮನಸ್ಸು ಬಾರದೆ, ಪ್ಲಾಸ್ಟರ್ ಬೇಡವೆಂದು ಹೇಳಿ, ಹುಣ್ಣಿಗೆ ಬಟ್ಟೆ ಸುತ್ತಿಕೊಂಡು ಬಂದು ಕುಳಿತವರು ಪೇಟೆಯಲ್ಲಿ ಇರುತ್ತಾರೆ. ಮಾಯ್ದ ಹುಣ್ಣು ಸಹ ನೂರರಲ್ಲಿ ಸುಮಾರು ನಲವತ್ತು ಮಂದಿಗೆ ಒಂದು ವರ್ಷದೊಳಗೆ ಮರಳಿ ಬರುತ್ತದೆ ಎಂಬುದನ್ನು ಅಂಥವರ ಮನೆಯವರೂ ಅಂಗಡಿಯ ಹುಡುಗರೂ ತಿಳಿದಿರಬೇಕು.

ಆಸ್ಪತ್ರೆಗೆ ಹೋಗುವಾಗ ಸಕ್ಕರೆಯ ಹಳೆಯ ಚೀಟಿಗಳನ್ನೂ, ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೂ, ದಿನನಿತ್ಯ ತೊಡುವ ಹಳೆಯ ಚಪ್ಪಲಿಯನ್ನೂ ಒಯ್ಯಬೇಕು. ವೈದ್ಯರಲ್ಲಿಗೆಂದು ಹೊಸ ಜೊತೆ ಮೆಟ್ಟಿ ಹೋಗುವವರೇ ಹೆಚ್ಚು. ಹಳೆಯ ಚಪ್ಪಲಿಯ ಅಟ್ಟೆ ಎಲ್ಲಿ ಸವೆದಿದೆ, ಎಲ್ಲಿ ಕುಳಿ ಬಿದ್ದಿದೆ ಎಂಬುದನ್ನು ನೋಡಿದರೆ ಪಾದದ ಭಾರ ಎಲ್ಲಿ ಬೀಳುತ್ತಿದೆಯೆಂದು ತಿಳಿಯುತ್ತದೆ. ಮುಂದಿನ ಹುಣ್ಣು ಬರುವುದಾದರೆ ಬಹುತೇಕ ಅಲ್ಲೇ.